ಪ್ರಬಂಧವೂ ಲೋಕಾಭಿಪ್ರಾಯವೂ

'ಪ್ರಬಂಧ'ವೆಂದರೆ ಚೆನ್ನಾಗಿ ಕಟ್ಟಿದ್ದು ಎಂದರ್ಥ. ಆದಿ, ಮಧ್ಯ, ಅಂತ್ಯಗಳು ಒಂದಕ್ಕೊಂದು ಬಿಗಿದುಕೊಂಡಿರಬೇಕೆಂಬ ನಿರೀಕ್ಷೆಯು ಆ ಶಬ್ದದೊಳಗೇ ಅಡಗಿದೆ. ಫ್ರಾನ್ಸ್ ದೇಶದ ಮಾಂಟೇನನು 1580ರಲ್ಲಿ ತನ್ನ ಬರಹಗಳಿಗೆ 'ಎಸ್ಸೇ' ಎಂದು ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದ ಅರ್ಥವೇ ಬೇರೆ. ಪ್ರಯತ್ನ, ಪರೀಕ್ಷೆ, ಒರೆಗೆ ಹಚ್ಚಿ ನೋಡುವುದು ಎಂಬುದು ಅದರ ಭಾವ. ನಮ್ಮ ನಾಡಿನ ಶಾಲೆಗಳಲ್ಲಿ ಬೇರೂರಿರುವುದು ಮೊದಲನೆಯ ಅರ್ಥವೆಂದೇ ಹೇಳಬೇಕು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ತಲೆಬರಹಗಳ ಕೆಳಗೆ, ವಿಜ್ಞಾನದಿಂದ ಲಾಭವೂ ಉಂಟು, ನಷ್ಟವೂ ಉಂಟು ಎಂದು ಬರೆದ ವಿದ್ಯಾರ್ಥಿಗೆ ಅಂಕಗಳು ದೊರೆಯುತ್ತವೆ. ಲೋಕವು ಆಗಲೇ ಒಪ್ಪಿಕೊಂಡಿರುವುದನ್ನು ಅಂದವಾದ ಅಕ್ಷರಗಳಲ್ಲಿ ಮರಳಿ ಲೋಕಕ್ಕೇ ಒಪ್ಪಿಸುವ ಅಭ್ಯಾಸವಿದು. ಮಾಂಟೇನನ ಅರ್ಥದ ಪ್ರಬಂಧವಾದರೋ ಸಮಾಜವು ಯೋಚಿಸದೆ ದಿನವೂ ಆಡುವ ಯಾವುದೋ ಒಂದು ಮಾತನ್ನು ತಡೆದು ನಿಲ್ಲಿಸಿ, ಅದರಿಂದ ಲೆಕ್ಕ ಕೇಳುತ್ತದೆ. ಓದುಗನ ಮನವನ್ನು ತಿರುಗಿಸಲು ಹೊರಟ ಶ್ರೇಷ್ಠ ಪ್ರಬಂಧಗಳೆಲ್ಲವೂ ಬಹುಮಟ್ಟಿಗೆ ಈ ಒಂದು ಕೆಲಸವನ್ನೇ ಮಾಡಿವೆ.

ಮಾಂಟೇನನು ಲೆಕ್ಕ ಕೇಳಿದ ಮಾತು 'ಬರ್ಬರ' ಎಂಬುದು. ಗ್ರೀಕರು ತಮ್ಮ ಕಿವಿಗೆ ಅರ್ಥವಾಗದ ಭಾಷೆಯನ್ನಾಡುವವರನ್ನು ಆ ಹೆಸರಿನಿಂದ ಕರೆದರು. ನಮ್ಮ 'ಮ್ಲೇಚ್ಛ' ಶಬ್ದದ ಮೂಲವೂ ಅಸ್ಪಷ್ಟವಾದ ನುಡಿಯೇ ಆಗಿರುವುದು ಗಮನಾರ್ಹ. ಪರಕೀಯನ ಭಾಷೆ ತಿಳಿಯದೆ ಹೋದದ್ದು ಕೇಳುವವನ ಕೊರತೆ. ಆದರೆ ಅದನ್ನು ಆಡುವವನ ಕೊರತೆಯೆಂದು ಎರಡು ನಾಗರಿಕತೆಗಳೂ ತೀರ್ಮಾನಿಸಿಬಿಟ್ಟವು. ನರಭಕ್ಷಕರನ್ನು ಕುರಿತ ತನ್ನ ಪ್ರಬಂಧದಲ್ಲಿ ಮಾಂಟೇನನು ಬ್ರೆಜಿಲ್ ದೇಶದ ಆದಿವಾಸಿಗಳ ಸಂಗತಿಯನ್ನು ಎತ್ತಿಕೊಳ್ಳುತ್ತಾನೆ. ಯುದ್ಧದಲ್ಲಿ ಸೆರೆಸಿಕ್ಕ ವೈರಿಯನ್ನು ಕೊಂದು ತಿನ್ನುವ ಪದ್ಧತಿ ಅವರಲ್ಲಿತ್ತು. ಆ ಪದ್ಧತಿ ಕ್ರೂರವಾದುದೆಂಬುದನ್ನು ಅವನು ಅಲ್ಲಗಳೆಯುವುದಿಲ್ಲ. ಅಲ್ಲಗಳೆದಿದ್ದರೆ ಓದುಗನು ಅಲ್ಲಿಯೇ ಪುಸ್ತಕ ಮುಚ್ಚುತ್ತಿದ್ದನು. ಸತ್ತವನನ್ನು ತಿನ್ನುವವನು ಬರ್ಬರನಾದರೆ, ಜೀವವಿರುವ ನೆರೆಯವನನ್ನು ಧರ್ಮದ ಹೆಸರಿನಲ್ಲಿ ಚಿತ್ರಹಿಂಸೆಗೆ ಗುರಿಮಾಡುವವನನ್ನು ಏನೆಂದು ಕರೆಯಬೇಕು ಎಂದು ಮಾತ್ರ ಕೇಳುತ್ತಾನೆ. ಆ ಕಾಲದ ಫ್ರಾನ್ಸಿನಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಾಗಿರಲಿಲ್ಲ. 1562ರಿಂದ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಪರಸ್ಪರ ರಕ್ತ ಹರಿಸುತ್ತಲೇ ಇದ್ದರು.

ಅದೇ 1562ರಲ್ಲಿ ರೂಆನ್ ನಗರಕ್ಕೆ ಬಂದಿದ್ದ ಮೂವರು ಆದಿವಾಸಿಗಳ ವೃತ್ತಾಂತವನ್ನು ಪ್ರಬಂಧದ ಕೊನೆಯಲ್ಲಿ ಹೇಳಿದೆ. ಬಾಲಕನಾಗಿದ್ದ ಒಂಬತ್ತನೆಯ ಚಾರ್ಲ್ಸ್ ದೊರೆಯು ಅವರೊಡನೆ ಮಾತನಾಡಿದನು. ಇಲ್ಲಿ ಕಂಡುದರಲ್ಲಿ ಆಶ್ಚರ್ಯವೇನೆಂದು ಕೇಳಿದಾಗ, ಗಡ್ಡ ಬೆಳೆದ ಬಲಶಾಲಿ ಯೋಧರು ಒಬ್ಬ ಹುಡುಗನ ಆಜ್ಞೆಗೆ ತಲೆಬಾಗುವುದು, ಹೊಟ್ಟೆ ತುಂಬಿದವರ ಬಾಗಿಲಲ್ಲಿ ಹಸಿದವರು ಬೇಡುತ್ತ ನಿಂತಿದ್ದರೂ ಆ ಮನೆಗಳಿಗೆ ಬೆಂಕಿ ಇಡದೆ ಸಹಿಸಿಕೊಂಡಿರುವುದು ತಮಗೆ ತಿಳಿಯದ ಸಂಗತಿ ಎಂದರಂತೆ. ನೋಡುವವನೂ ನೋಡಲ್ಪಡುವವನೂ ಇಲ್ಲಿ ಸ್ಥಾನ ಬದಲಿಸಿಕೊಂಡಿದ್ದಾರೆ. ಇಷ್ಟನ್ನೆಲ್ಲ ಹೇಳಿ, ಆ ಜನ ಇಜಾರ ತೊಡುವುದಿಲ್ಲವೆಂಬ ಆಕ್ಷೇಪವನ್ನು ತಾನೇ ಮುಂದಿಟ್ಟು ಮಾಂಟೇನನು ಬರಹ ಮುಗಿಸುತ್ತಾನೆ. ಆ ನಗೆಯಲ್ಲಿರುವ ಚುಚ್ಚು ಹತ್ತು ಪುಟಗಳ ಖಂಡನೆಯಲ್ಲಿಯೂ ಇರಲಾರದು.

ಸಂಸ್ಕೃತಿಯ ಪ್ರಶ್ನೆಯನ್ನು ನಗುತ್ತ ಎತ್ತಬಹುದು. ಸತ್ಯದ ಪ್ರಶ್ನೆಯು ರಾಜ್ಯಾಧಿಕಾರದೊಡನೆ ತೊಡಕಿಕೊಂಡಾಗ ಹಾಗೆ ಎತ್ತುವುದು ಸುಲಭವಲ್ಲ. ಇಂಗ್ಲೆಂಡಿನ ಮಿಲ್ಟನ್ ಕವಿಯು 1644ರ ನವೆಂಬರಿನಲ್ಲಿ ಪ್ರಕಟಿಸಿದ 'ಅರಿಯೋಪಜಿಟಿಕ'ವು ಇದಕ್ಕೆ ನಿದರ್ಶನ. ಅದರ ಹಿಂದಿನ ವರ್ಷ, 1643ರ ಜೂನಿನಲ್ಲಿ, ಪಾರ್ಲಿಮೆಂಟು ಒಂದು ಆಜ್ಞೆ ಹೊರಡಿಸಿತ್ತು. ಯಾವ ಪುಸ್ತಕವೇ ಆಗಲಿ, ನೇಮಿತನಾದ ಪರಿಶೀಲಕನ ಒಪ್ಪಿಗೆಯಿಲ್ಲದೆ ಅಚ್ಚಾಗಕೂಡದು. ಧರ್ಮಕ್ಕೂ ರಾಜ್ಯಕ್ಕೂ ಅಪಕೀರ್ತಿ ತರುವ ಬರಹಗಳಿಂದ ದೇಶವನ್ನು ಕಾಪಾಡುವುದು ಅದರ ಉದ್ದೇಶವಾಗಿತ್ತು. ಈ ಆಜ್ಞೆ ಮಾಡಿದವರು ದುಷ್ಟರಲ್ಲ, ದೊರೆಯ ನಿರಂಕುಶಾಧಿಕಾರದ ವಿರುದ್ಧ ಹೋರಾಡುತ್ತಿದ್ದವರು, ಮಿಲ್ಟನ್ನನ ಪಕ್ಷದವರೇ. ವಿವಾಹ ವಿಚ್ಛೇದನವನ್ನು ಸಮರ್ಥಿಸಿ ಅವನು 1643ರಲ್ಲಿ ಬರೆದಿದ್ದ ಹೊತ್ತಗೆಯನ್ನು ಧರ್ಮೋಪದೇಶಕರು ಪಾರ್ಲಿಮೆಂಟಿನ ಎದುರಿನಲ್ಲಿಯೇ ನಿಂದಿಸಿದ್ದುದುಂಟು. ಶತ್ರುವನ್ನು ಟೀಕಿಸುವುದಕ್ಕಿಂತ ಮಿತ್ರನನ್ನು ತಿದ್ದುವುದು ಕಠಿನವಾದ ಕೆಲಸ. ಆದುದರಿಂದಲೇ ಅವನು ಸದಸ್ಯರನ್ನು ಮೊದಲು ಹೊಗಳಿ, ಪ್ರಾಚೀನ ಅಥೆನ್ಸಿನ ಐಸಾಕ್ರಟೀಸನ ಮಾದರಿಯಲ್ಲಿ, ಸಭೆಯೆದುರು ನಿಂತು ಮಾತನಾಡುವವನಂತೆ ಬರೆದನು. ಆ ಭಾಷಣವು ಯಾವ ಸಭೆಯಲ್ಲಿಯೂ ನಡೆಯಲಿಲ್ಲ. ಪುಸ್ತಕಕ್ಕೆ ಪರಿಶೀಲಕನ ಒಪ್ಪಿಗೆಯೂ ಇರಲಿಲ್ಲ, ಮುದ್ರಕನ ಹೆಸರೂ ಇರಲಿಲ್ಲ. ಆಜ್ಞೆಯನ್ನು ಮುರಿಯುತ್ತಲೇ ಅದರ ವಿರುದ್ಧ ವಾದಿಸಿದಂತಾಯಿತು.

ಮಿಲ್ಟನ್ನನು ಪ್ರಶ್ನಿಸಿದ್ದು 'ರಕ್ಷಣೆ' ಎಂಬ ಕಲ್ಪನೆಯನ್ನು. ಸತ್ಯಕ್ಕೆ ಕಾವಲುಗಾರ ಬೇಕೇ? ಅವನ ಉತ್ತರ ಹಲವು ಮಗ್ಗುಲುಗಳಿಂದ ಬರುತ್ತದೆ. ಪುಸ್ತಕಕ್ಕೆ ಮುಂಚಿತವಾಗಿಯೇ ಅಪ್ಪಣೆ ಬೇಕೆಂಬ ಪದ್ಧತಿಯು ರೋಮಿನ ಧರ್ಮವಿಚಾರಣಾಧಿಕಾರಿಗಳದೆಂದು ತೋರಿಸಿ ಪ್ರಾಟೆಸ್ಟಂಟ್ ಸದಸ್ಯರನ್ನು ನಾಚಿಸುತ್ತಾನೆ. ಇಟಲಿಯ ಪ್ರವಾಸದಲ್ಲಿ, ವಿಚಾರಣೆಗೊಳಗಾಗಿ ಬಂಧನದಲ್ಲಿದ್ದ ವೃದ್ಧ ಗೆಲಿಲಿಯೊವನ್ನು ತಾನು ಕಂಡುದನ್ನು ಜ್ಞಾಪಿಸುತ್ತಾನೆ. ಪರಿಶೀಲಕನ ವಿಷಯದಲ್ಲಿ ಅವನು ಹೂಡುವ ವಾದವಂತೂ ವ್ಯವಹಾರಜ್ಞನ ವಾದ. ಸಕಲ ಪುಸ್ತಕಗಳನ್ನೂ ತೂಗಿ ನೋಡಬಲ್ಲವನು ಮಹಾ ವಿದ್ವಾಂಸನಾಗಿರಬೇಕು. ಅಂಥ ವಿದ್ವಾಂಸನು ಹಗಲಿರುಳು ಸಾಮಾನ್ಯ ಬರಹಗಳನ್ನು ಓದುವ ಬೇಸರದ ಚಾಕರಿಗೆ ಒಪ್ಪುವುದಿಲ್ಲ. ಒಪ್ಪುವವನು ಅಜ್ಞನೋ ಹಣದಾಸೆಯವನೋ ಆಗಿರುತ್ತಾನೆ. ಉಳಿದೆಲ್ಲಕ್ಕಿಂತ ಆಳವಾದುದು ಈಜಿಪ್ಟಿನ ಪುರಾಣದಿಂದ ತಂದ ಹೋಲಿಕೆ. ಒಸೈರಿಸನ ದೇಹವನ್ನು ವೈರಿಗಳು ತುಂಡರಿಸಿ ದಿಕ್ಕುದಿಕ್ಕಿಗೆ ಚೆಲ್ಲಿದಾಗ ಐಸಿಸ್ ದೇವಿಯು ಅಲೆದು ಅವನ್ನು ಒಂದೊಂದಾಗಿ ಕೂಡಿಸಿದಳು. ಸತ್ಯಕ್ಕೂ ಅದೇ ಗತಿಯಾಗಿದೆ, ಅದರ ಅಂಗಗಳೆಲ್ಲ ಇನ್ನೂ ದೊರೆತಿಲ್ಲ, ಹುಡುಕುವವರನ್ನು ತಡೆಯಬಾರದು. ಸತ್ಯವು ಕೈಯಲ್ಲಿರುವ ಆಸ್ತಿಯೆಂದು ನಂಬಿದವನಿಗೆ ಕಾವಲುಗಾರ ಬೇಕಾಗುತ್ತಾನೆ. ಅದು ಇನ್ನೂ ಹುಡುಕಾಟದಲ್ಲಿರುವ ವಸ್ತುವೆಂದು ಒಪ್ಪಿದೊಡನೆ ಕಾವಲುಗಾರನ ಕೆಲಸವೇ ಇಲ್ಲವಾಗುತ್ತದೆ.

ಈ ಪ್ರಬಂಧವನ್ನು ಸ್ವಾತಂತ್ರ್ಯದ ವೇದದಂತೆ ಹೊಗಳುವವರು ಅದರ ಮಿತಿಯನ್ನು ಮರೆಮಾಚುವುದುಂಟು. ಕ್ಯಾಥೊಲಿಕ್ ಮತದ ಪ್ರಚಾರಕ್ಕೆ ತಾನು ಬೇಡುವ ಸಹನೆ ಸಲ್ಲದೆಂದು ಮಿಲ್ಟನ್ನನು ಸ್ಪಷ್ಟವಾಗಿ ಬರೆದಿದ್ದಾನೆ. 1649ರಲ್ಲಿ ಅವನು ಹೊಸ ಸರ್ಕಾರದ ಕಾರ್ಯದರ್ಶಿಯಾದನು. ಕೆಲಕಾಲ ಒಂದು ವಾರ್ತಾಪತ್ರಿಕೆಯ ಪರಿಶೀಲನೆಯನ್ನೂ ಮಾಡಿದನು. 1660ರಲ್ಲಿ ರಾಜಪ್ರಭುತ್ವ ಮರಳಿದಾಗ ಅವನ ಬೇರೆ ಪುಸ್ತಕಗಳೇ ಬೆಂಕಿಗೆ ಆಹುತಿಯಾದವು. 'ಅರಿಯೋಪಜಿಟಿಕ'ದಿಂದ 1643ರ ಆಜ್ಞೆಯೂ ರದ್ದಾಗಲಿಲ್ಲ. ಮುದ್ರಣಕ್ಕೆ ಪೂರ್ವಾನುಮತಿ ಬೇಕೆಂಬ ಶಾಸನವು ಇಂಗ್ಲೆಂಡಿನಲ್ಲಿ ಬಿದ್ದುಹೋದದ್ದು 1695ರಲ್ಲಿ, ಕವಿಯು ಕಾಲವಾಗಿ 21 ವರ್ಷಗಳಾದ ಮೇಲೆ. ಆಗಲೂ ಸದಸ್ಯರು ಮುಂದಿಟ್ಟ ಕಾರಣಗಳು ಮುದ್ರಕರ ಏಕಸ್ವಾಮ್ಯ, ಸುಂಕದ ಕಟ್ಟೆಯಲ್ಲಿ ಪುಸ್ತಕಗಳು ಕೊಳೆಯುವುದು ಮೊದಲಾದವೇ ಹೊರತು ಸತ್ಯದ ಮಹಿಮೆಯಲ್ಲ. ಪ್ರಬಂಧವೊಂದು ಕಾನೂನನ್ನು ಬದಲಿಸುತ್ತದೆಂಬ ಭ್ರಮೆಯನ್ನು ವಿದ್ಯಾರ್ಥಿಗಳಲ್ಲಿ ಬಿತ್ತುವುದು ಸರಿಯಲ್ಲ. ಮುಂದಿನ ತಲೆಮಾರಿನವರು ಕೇಳಬೇಕಾದ ಪ್ರಶ್ನೆಗೆ ಅದು ಮಾತನ್ನು ಒದಗಿಸಿಡುತ್ತದೆ. ಅದೇನು ಸಣ್ಣ ಕೆಲಸವಲ್ಲ.

ಆ ಪ್ರಶ್ನೆ ಭಾರತದಲ್ಲಿಯೂ ಎದ್ದಿತು. 1878ರಲ್ಲಿ ಲಿಟ್ಟನ್ ವೈಸರಾಯನ ಕಾಲದಲ್ಲಿ ಬಂದ ಪತ್ರಿಕಾ ಶಾಸನವು ದೇಶಭಾಷೆಯ ಪತ್ರಿಕೆಗಳಿಗೆ ಮಾತ್ರ ಅನ್ವಯಿಸಿತು. ಇಂಗ್ಲಿಷ್ ಪತ್ರಿಕೆಗಳಿಗೆ ಅದರ ಬಾಧೆಯಿರಲಿಲ್ಲ. ಬಂಗಾಳದ 'ಅಮೃತ ಬಜಾರ್ ಪತ್ರಿಕೆ'ಯು ಅದರಿಂದ ಪಾರಾಗಲು ಒಮ್ಮೆಗೇ ಇಂಗ್ಲಿಷಿಗೆ ಹೊರಳಿತು. ರಿಪ್ಪನ್ನನು 1882ರಲ್ಲಿ ಆ ಶಾಸನವನ್ನು ತೆಗೆದುಹಾಕಿದನು. ಒಂದೇ ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳಿದರೆ ನಿರಪಾಯ, ದೇಶಭಾಷೆಯಲ್ಲಿ ಹೇಳಿದರೆ ಅಪಾಯ ಎಂಬ ಆ ಭೇದವು ಜನಭಾಷೆಯ ಶಕ್ತಿಯನ್ನು ಆಳುವವರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರೆಂಬುದಕ್ಕೆ ಸಾಕ್ಷಿ.

ಭಾಷೆಯನ್ನೇ ವಿಚಾರಣೆಗೆ ನಿಲ್ಲಿಸಿದ ಪ್ರಬಂಧಗಳಲ್ಲಿ ಜಾರ್ಜ್ ಆರ್ವೆಲ್ಲನ 'ರಾಜಕೀಯ ಮತ್ತು ಇಂಗ್ಲಿಷ್ ಭಾಷೆ' ಪ್ರಸಿದ್ಧವಾದುದು. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿ, ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು ಸಾಮ್ರಾಜ್ಯದ ಒಳಗನ್ನು ಕಂಡವನು ಆರ್ವೆಲ್. 1946ರ ಏಪ್ರಿಲಿನಲ್ಲಿ 'ಹೊರೈಜನ್' ಪತ್ರಿಕೆಯಲ್ಲಿ ಪ್ರಕಟವಾದ ಈ ಬರಹದಲ್ಲಿ ಅವನು 'ಶಾಂತಿಸ್ಥಾಪನೆ'ಯಂತಹ ಮಾತುಗಳ ಸಿಪ್ಪೆ ಸುಲಿಯುತ್ತಾನೆ. ನಿರಾಯುಧ ಹಳ್ಳಿಗಳ ಮೇಲೆ ವಿಮಾನಗಳಿಂದ ಬಾಂಬು ಸುರಿಸಿ, ಜನರನ್ನು ಬಯಲಿಗಟ್ಟಿ, ಅದಕ್ಕೆ ಇಂಥ ಹೆಸರಿಟ್ಟರೆ ಓದುಗನ ಕಣ್ಣಿಗೆ ಯಾವ ಚಿತ್ರವೂ ಬೀಳುವುದಿಲ್ಲ. ಚಿತ್ರ ಬೀಳಬಾರದೆಂಬುದೇ ಆ ಮಾತಿನ ಉದ್ದೇಶ. ಕರ್ಮಣಿ ಪ್ರಯೋಗದ ಮೇಲೂ ಅವನಿಗೆ ಕೋಪ. ಕನ್ನಡದ ಕಚೇರಿಗಳಿಗೆ ಈ ಕೋಪ ಸಲ್ಲುವುದಿಲ್ಲವೆನ್ನಲಾಗದು: 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬ ವಾಕ್ಯದಲ್ಲಿ ಕೈಗೊಳ್ಳುವವರು ಯಾರು, ಎಂದು, ಏನನ್ನು ಎಂಬ ಮೂರೂ ಮಾಯವಾಗಿವೆ. ವ್ಯಾಕರಣದ ತರಗತಿಯಲ್ಲಿ ಕರ್ಮಣಿ ಪ್ರಯೋಗವನ್ನು ಕಲಿಸುವ ಅಧ್ಯಾಪಕರು ಈ ಒಂದು ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದರೆ ಸಾಕು, ಅರ್ಧ ಗಂಟೆಯ ಚರ್ಚೆಗೆ ಕೊರತೆಯಿರದು. ಆರ್ವೆಲ್ಲನ ಕೆಲವು ನಿಯಮಗಳು ಇಂಗ್ಲಿಷಿಗೆ ಮಾತ್ರ ಹೊಂದುವಂಥವು. ಪರಭಾಷಾ ಶಬ್ದಗಳನ್ನು ದೂರವಿಡಬೇಕೆಂಬ ಅವನ ಸಲಹೆಯನ್ನು, ಸಂಸ್ಕೃತವನ್ನು ಶತಮಾನಗಳಿಂದ ಅರಗಿಸಿಕೊಂಡು ಬಂದಿರುವ ಕನ್ನಡಕ್ಕೆ ಹಾಗೆಯೇ ತಂದು ಕೂರಿಸುವುದು ಅವಿವೇಕವಾದೀತು.

ಕನ್ನಡದ ಮಟ್ಟಿಗೆ ಲೋಕಾಭಿಪ್ರಾಯವನ್ನು ಎದುರಿಸಿದ ಇಂಥ ಮಾತು ಅದಕ್ಕೂ ಮೊದಲೇ ಕೇಳಿಬಂದಿತ್ತು. 1890ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ 1911ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಭಾಷಣ ಮಾಡಿದರು. ಧಾರವಾಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಭಾಷಣಕಾರರು ಮೈಸೂರು ಸಂಸ್ಥಾನದಿಂದ ಬಂದವರು, ವೃತ್ತಿಯಿಂದ ಇಂಗ್ಲಿಷ್ ಅಧ್ಯಾಪಕರು. ವಿದ್ಯಾವಂತ ಕನ್ನಡಿಗನು ಕನ್ನಡವನ್ನು ಅಡುಗೆಮನೆಗೂ ಸಂತೆಗೂ ಬಿಟ್ಟುಕೊಟ್ಟು, ವಿಚಾರಕ್ಕೆ ಇಂಗ್ಲಿಷನ್ನು ಹಿಡಿದಿದ್ದ ಕಾಲವದು. 'ತಲೆಯೆತ್ತುವ' ಎಂಬ ಕ್ರಿಯಾಪದದಲ್ಲಿಯೇ ತಲೆ ಬಾಗಿದೆಯೆಂಬ ಆಪಾದನೆಯೂ, ಎತ್ತಬಹುದೆಂಬ ಭರವಸೆಯೂ ಇದ್ದವು. ಇಂಗ್ಲಿಷನ್ನು ದ್ವೇಷಿಸುವವರಿಂದ ಬಂದಿದ್ದರೆ ಆ ಮಾತಿಗೆ ಅಷ್ಟು ಬೆಲೆ ಬರುತ್ತಿತ್ತೋ ಇಲ್ಲವೋ. ಅದನ್ನು ಕಲಿತು, ಕಲಿಸಿ, ಪ್ರೀತಿಸಿದವರಿಂದ ಬಂದುದರಿಂದ ಅಲ್ಲಗಳೆಯುವುದು ಕಷ್ಟವಾಯಿತು. ಆಡಿದ ಮಾತಿಗೆ ಮಾದರಿಯನ್ನು ಅವರೇ ಒದಗಿಸಿದರು. ಇಂಗ್ಲಿಷ್ ಕವಿತೆಗಳನ್ನು ಹೊಸಗನ್ನಡಕ್ಕೆ ಹೊಸ ಲಯಗಳಲ್ಲಿ ತಂದ ಅವರ 'ಇಂಗ್ಲಿಷ್ ಗೀತಗಳು' ಸಂಕಲನವು ಆ ಭಾಷಣವಾಗಿ 15 ವರ್ಷಗಳ ಮೇಲೆ, 1926ರಲ್ಲಿ ಹೊರಬಂದಿತು.