ಹತ್ತು ಮಂದಿಯ ಕಥೆ: ಪುಸ್ತಕದಲ್ಲಿ ಮತ್ತು ತೆರೆಯ ಮೇಲೆ

ಪತ್ತೇದಾರಿ ಕಾದಂಬರಿ ಓದುವುದು ಬರಿಯ ಕಾಲಹರಣವೆಂದು ನಾನೂ ಎಣಿಸಿದ್ದೆ. ಕಳೆದ ವರ್ಷ ನಮ್ಮ ಕಾಲೇಜಿನ ಗ್ರಂಥಭಂಡಾರದಲ್ಲಿ ಅಗಾಥಾ ಕ್ರಿಸ್ಟಿಯವರ ‘ಅಂಡ್ ದೆನ್ ದೇರ್ ವರ್ ನನ್’ (1939) ದೊರೆಯಿತು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಹದಿನೈದು ದಿನಗಳಲ್ಲಿ ಓದಿ ಮುಗಿಸಿದೆ. ಈಚೆಗೆ ಅದನ್ನು ಆಧರಿಸಿದ 1965ರ ‘ಟೆನ್ ಲಿಟಲ್ ಇಂಡಿಯನ್ಸ್’ ಚಿತ್ರವನ್ನು ನೋಡಿ ನಿರಾಶನಾದೆ.

ಡೆವನ್ ಕರಾವಳಿಯ ಒಂದು ದ್ವೀಪಕ್ಕೆ ಹತ್ತು ಮಂದಿ ಬಂದು ಸೇರುತ್ತಾರೆ. ಕರೆಸಿದವನ ಸುಳಿವಿಲ್ಲ. ರಾತ್ರಿ ಊಟವಾದ ಮೇಲೆ ಗ್ರಾಮಫೋನಿನ ತಟ್ಟೆಯೊಂದು ಪ್ರತಿಯೊಬ್ಬರ ಮೇಲೂ ಕೊಲೆಯ ಆರೋಪ ಹೊರಿಸುತ್ತದೆ. ಬಳಿಕ ಒಂದು ಶಿಶುಗೀತೆಯ ಕ್ರಮದಲ್ಲಿ ಒಬ್ಬೊಬ್ಬರಾಗಿ ಸಾಯುತ್ತಾರೆ. (ಕೊಲೆಗಾರ ಯಾರೆಂದು ಹೇಳಿ ವಾಚಕರ ಶಾಪಕ್ಕೆ ನಾನು ಗುರಿಯಾಗಲಾರೆ.)

ಇವರಲ್ಲಿ ನನ್ನನ್ನು ಕಾಡಿದವಳು ವೀರಾ. ಆಕೆ ಸಿರಿಲ್ ಎಂಬ ಸಿರಿವಂತ ಬಾಲಕನನ್ನು ನೋಡಿಕೊಳ್ಳುವ ಉಪಾಧ್ಯಾಯಿನಿ. ಬಾಲಕನಿಲ್ಲದಿದ್ದರೆ ಆಸ್ತಿ ಅವಳ ಪ್ರಿಯನಿಗೆ ಸೇರುತ್ತದೆ. ಕಡಲ ನಡುವಿನ ಬಂಡೆಯವರೆಗೂ ಈಜುವೆನೆಂದು ಹಟ ಹಿಡಿಯುತ್ತಿದ್ದ ಹುಡುಗನಿಗೆ ಒಂದು ದಿನ ಅವಳು ಒಪ್ಪಿಗೆ ಕೊಟ್ಟಳು. ತಾನೂ ಹಿಂದೆಯೇ ಈಜಿದಳು, ಆದರೆ ಸಕಾಲಕ್ಕೆ ತಲುಪದಷ್ಟು ನಿಧಾನವಾಗಿ. ಕೈ ಎತ್ತಿದ್ದಿಲ್ಲ, ವಿಷವಿಕ್ಕಿದ್ದಿಲ್ಲ. ವಿಚಾರಣೆಯಲ್ಲಿ ಅವಳ ಮೇಲೆ ದೋಷವೂ ಬರಲಿಲ್ಲ. ಪ್ರಿಯನಿಗೆ ಮಾತ್ರ ಅರ್ಥವಾಯಿತು. ಅವಳನ್ನು ತೊರೆದು ಹೋದ. ಕಾನೂನಿನ ಕೈಗೆ ನಿಲುಕದ ಇಂತಹ ಪಾತಕವೇ ಕಾದಂಬರಿಯ ಜೀವಾಳ.

ನಿರ್ದೇಶಕ ಜಾರ್ಜ್ ಪೊಲಾಕ್ ದ್ವೀಪವನ್ನು ಬಿಟ್ಟು ಹಿಮಪರ್ವತದ ಮೇಲಿನ ಮನೆಯನ್ನು ಆರಿಸಿಕೊಂಡರು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಥೆ ಕೊನೆಮುಟ್ಟುವಾಗ ಚಿತ್ರವನ್ನೇ ತಡೆದು, ಗಡಿಯಾರ ತೋರಿಸಿ, ಕೊಲೆಗಾರನನ್ನು ಊಹಿಸಲು ಪ್ರೇಕ್ಷಕರಿಗೆ ಒಂದು ನಿಮಿಷ ಕೊಡುತ್ತಾರೆ! ಕಡೆಗೆ ನಾಯಕಿ ನಿರ್ದೋಷಿ. ನಾಯಕನೋ ಗೆಳೆಯನ ಹೆಸರಿನಲ್ಲಿ ಬಂದ ಬೇರೆಯವನು. ಇಬ್ಬರೂ ಬದುಕುತ್ತಾರೆ. ಸಿರಿಲ್‌ನ ಕಥೆ ಚಿತ್ರದಲ್ಲಿಲ್ಲ.

ಪೊಲಾಕರೊಬ್ಬರನ್ನೇ ದೂರುವಂತಿಲ್ಲ. 1943ರ ನಾಟಕದಲ್ಲಿ ಸ್ವತಃ ಕ್ರಿಸ್ಟಿಯವರೇ ಕೊನೆಯನ್ನು ಹೀಗೆ ಬದಲಿಸಿದ್ದರು. 1945ರಲ್ಲಿ ರೆನೆ ಕ್ಲೇರ್ ತೆಗೆದ ಚಿತ್ರವೂ ಅದೇ ಜಾಡು ಹಿಡಿಯಿತು. ಆದರೂ 1987ರಲ್ಲಿ ಸೋವಿಯತ್ ನಿರ್ದೇಶಕ ಗೊವೊರುಖಿನ್ ಪುಸ್ತಕದ ಅಂತ್ಯವನ್ನೇ ತೆರೆಗೆ ತಂದರು. ಆಗದ ಕೆಲಸವೇನಲ್ಲ ಎಂದಾಯಿತು.

ನಮ್ಮ ಅವ್ವನಿಗೆ ಓದುಬರಹ ಬಾರದು. ರಜೆಯಲ್ಲಿ ಊರಿಗೆ ಹೋದಾಗ ಎರಡು ಕಥೆಗಳನ್ನೂ ಹೇಳಿದೆ. ಸೊಪ್ಪು ಸೋಸುತ್ತ ಕೇಳಿದವಳು, “ಅಲ್ಲ ಮಗ, ನೀರಿಗೋದ ಆ ಕೂಸಿನ ಕತೆ ಏನಾಯ್ತು?” ಎಂದಳು.

“ಸಿನಿಮಾದಲ್ಲಿ ಆ ಕೂಸೇ ಇಲ್ಲ ಕಣವ್ವ.”

“ಕೂಸೇ ಇಲ್ಲ ಅಂದಮ್ಯಾಲೆ ಆ ಹೆಣ್ಣನ್ನ ಅಲ್ಲಿಗ್ಯಾಕೆ ಕರೆಸಿದ್ರು?”