ಹಳೆಯ ಮನೆಯ ನವೀಕರಣ: ಕಾಣುವ ಲಾಭ ಮತ್ತು ಕೈಸೇರುವ ಲಾಭ

ನಗರಗಳಲ್ಲಿ ಖಾಲಿ ನಿವೇಶನಗಳು ದುರ್ಲಭವಾದಂತೆ, ಹಳೆಯ ಮನೆಯನ್ನು ಖರೀದಿಸಿ, ನವೀಕರಿಸಿ, ಮಾರಾಟ ಮಾಡುವ ವ್ಯವಹಾರದತ್ತ ಹೂಡಿಕೆದಾರರ ಗಮನ ಹರಿದಿದೆ. ಖರೀದಿ ಬೆಲೆ ಹಾಗೂ ದುರಸ್ತಿಯ ವೆಚ್ಚವನ್ನು ಮಾರಾಟ ಬೆಲೆಯಿಂದ ಕಳೆದರೆ ಉಳಿಯುವುದೇ ಲಾಭವೆಂಬ ಭಾವನೆ ಸಾಮಾನ್ಯವಾಗಿದೆ. ಈ ಲೆಕ್ಕ ಎಷ್ಟು ಅಪೂರ್ಣವೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹೂಡಿಕೆಯೋ, ವ್ಯಾಪಾರವೋ?

ಮೊದಲು ನಿರ್ಧಾರವಾಗಬೇಕಾದುದು ಆದಾಯದ ಸ್ವರೂಪ. ವಾಸಕ್ಕಾಗಿ ಅಥವಾ ಬಾಡಿಗೆಗಾಗಿ ಹೊಂದಿದ್ದ ಮನೆಯನ್ನು ಮಾರಿದಾಗ ಬರುವುದು ಬಂಡವಾಳ ಲಾಭ. ಮನೆಯನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಹೊಂದಿದ್ದರೆ ಅದು ದೀರ್ಘಾವಧಿ ಲಾಭವೆನಿಸುತ್ತದೆ. 2024ರ ಜುಲೈ 23ರಿಂದ ಇದರ ತೆರಿಗೆ ದರ ಶೇ. 12.5. ಆದರೆ ಮಾರುವ ಉದ್ದೇಶದಿಂದಲೇ ಖರೀದಿಸಿ, ಸಾಲ ಪಡೆದು ನವೀಕರಿಸಿ, ಬೇಗನೆ ಮಾರಿದರೆ ಅದು ವ್ಯಾಪಾರವೆನಿಸುವ ಸಂಭವವೇ ಹೆಚ್ಚು. ವ್ಯಾಪಾರ ಸ್ವರೂಪದ ಒಂದೇ ಒಂದು ಸಾಹಸವನ್ನೂ ಕಾನೂನು ವ್ಯಾಪಾರವೆಂದೇ ಪರಿಗಣಿಸುತ್ತದೆ. ಆಗ ಲಾಭಕ್ಕೆ ಸಾಮಾನ್ಯ ದರದ ತೆರಿಗೆ ಅನ್ವಯಿಸುತ್ತದೆ; ಪ್ರತಿಯಾಗಿ ಸಾಲದ ಬಡ್ಡಿಯನ್ನು ವೆಚ್ಚವಾಗಿ ಕಳೆಯಬಹುದು.

ಮರೆತುಹೋಗುವ ವೆಚ್ಚಗಳು

ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು. ಶೇ. 5ರ ಮುದ್ರಾಂಕ ಶುಲ್ಕ, ಸೆಸ್ ಹಾಗೂ ಸರ್ಚಾರ್ಜ್ ಸೇರಿ ನಗರಪ್ರದೇಶದಲ್ಲಿ ಒಟ್ಟು ಹೊರೆ ಶೇ. 7.6. ಇದರೊಂದಿಗೆ ದಲ್ಲಾಳಿ ಶುಲ್ಕ, ಬಡ್ಡಿ ಹಾಗೂ ನೋಂದಾಯಿತ ಗುತ್ತಿಗೆದಾರರ ಬಿಲ್ಲಿನ ಮೇಲಿನ ಶೇ. 18ರ ಜಿಎಸ್‌ಟಿ ಸೇರುತ್ತವೆ. ಹೂಡಿಕೆದಾರರು ಈ ಜಿಎಸ್‌ಟಿಯನ್ನು ಮರಳಿ ಪಡೆಯಲಾಗದು. "ಬಿಲ್ಲು ಬೇಡವೆಂದರೆ ತೆರಿಗೆ ಉಳಿಯುತ್ತದೆ" ಎಂಬ ಸಲಹೆ ಹುಟ್ಟುವುದು ಇಲ್ಲಿಯೇ.

ಒಂದು ಉದಾಹರಣೆ

ಒಬ್ಬ ಹೂಡಿಕೆದಾರರು ಮೈಸೂರಿನಲ್ಲಿ ಹಳೆಯ ಮನೆಯೊಂದನ್ನು 60 ಲಕ್ಷ ರೂಪಾಯಿಗೆ ಖರೀದಿಸಿ, 14 ತಿಂಗಳ ನಂತರ 90 ಲಕ್ಷಕ್ಕೆ ಮಾರಿದರೆಂದು ಭಾವಿಸೋಣ. ಆದಾಯ ವ್ಯಾಪಾರದ್ದು, ತೆರಿಗೆ ಶೇ. 30, ಸೆಸ್ ಸೇರಿ ಶೇ. 31.2. ನವೀಕರಣದಲ್ಲಿ 8 ಲಕ್ಷ ರೂಪಾಯಿಗೆ ಬಿಲ್ಲುಗಳಿವೆ. ಉಳಿದ 4 ಲಕ್ಷದ ಕೆಲಸಕ್ಕೆ ಬಿಲ್ಲು ಪಡೆದರೆ 72,000 ರೂಪಾಯಿ ಜಿಎಸ್‌ಟಿ ಹೆಚ್ಚುವರಿಯಾಗಿ ತೆರಬೇಕು. ಮೇಲ್ನೋಟಕ್ಕೆ ಕಾಣುವ ಲಾಭ 18 ಲಕ್ಷ.

ಇತರ ವೆಚ್ಚಗಳು: ಮುದ್ರಾಂಕ ಮತ್ತು ನೋಂದಣಿ 4,56,000, ಮಾರಾಟದ ದಲ್ಲಾಳಿ ಶುಲ್ಕ 90,000, 30 ಲಕ್ಷ ಸಾಲಕ್ಕೆ ಶೇ. 9ರಂತೆ ಬಡ್ಡಿ 3,15,000.

ಬಿಲ್ಲು ಪಡೆಯದಿದ್ದಾಗ: ನೈಜ ಲಾಭ 9,39,000. ಆದರೆ ದಾಖಲೆಯಿಲ್ಲದ 4 ಲಕ್ಷ ವೆಚ್ಚ ತಿರಸ್ಕೃತವಾದರೆ ತೆರಿಗೆಗೆ ಒಳಪಡುವ ಲಾಭ 13,39,000, ತೆರಿಗೆ 4,17,768, ಕೈಸೇರುವುದು 5,21,232.

ಬಿಲ್ಲು ಪಡೆದಾಗ: ಲಾಭ 8,67,000, ತೆರಿಗೆ 2,70,504, ಕೈಸೇರುವುದು 5,96,496.

ಅಂದರೆ, 72,000 ರೂಪಾಯಿ ಉಳಿಸಲು ಹೋದವರು 75,264 ರೂಪಾಯಿ ಕಳೆದುಕೊಂಡಂತಾಯಿತು. ಎರಡೂ ಸಂದರ್ಭಗಳಲ್ಲಿ 18 ಲಕ್ಷದ ಲಾಭ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚೇನೂ ಉಳಿಯಲಿಲ್ಲ.

ಗಮನಿಸಬೇಕಾದ ಅಂಶಗಳು

1. ವ್ಯಾಪಾರದಲ್ಲಿ ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದಾಗಿ ನೀಡಿದ ವೆಚ್ಚವನ್ನು ಸಾಮಾನ್ಯವಾಗಿ ಮಾನ್ಯ ಮಾಡಲಾಗುವುದಿಲ್ಲ. ಮೇಸ್ತ್ರಿ, ಬಡಗಿಗಳಿಗೂ ಬ್ಯಾಂಕಿನ ಮೂಲಕ ಪಾವತಿಸುವುದು ಕ್ಷೇಮ.

2. ಆಸ್ತಿಯ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಖರೀದಿದಾರರು ಶೇ. 1ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಕಡಿತಗೊಳಿಸಬೇಕು. ಮೇಲಿನ ಹೂಡಿಕೆದಾರರು ಖರೀದಿಯಲ್ಲಿ 60,000 ಕಡಿತಗೊಳಿಸಬೇಕು. ಮಾರಾಟದಲ್ಲಿ ಅವರಿಗೆ 90,000 ಕಡಿತವಾಗುತ್ತದೆ.

3. ಬಂಡವಾಳ ಲಾಭವಾಗಿದ್ದಲ್ಲಿ ಹೊಸ ಕೋಣೆ, ಬದಲಿಸಿದ ಛಾವಣಿಯಂತಹ ಸುಧಾರಣೆಯ ವೆಚ್ಚವನ್ನು ಮಾತ್ರ ಕಳೆಯಲು ಅವಕಾಶ. ಸುಣ್ಣಬಣ್ಣ, ನಲ್ಲಿ ದುರಸ್ತಿಯಂತಹ ನಿರ್ವಹಣೆಯ ವೆಚ್ಚ ಸಾಮಾನ್ಯವಾಗಿ ಇದರಲ್ಲಿ ಸೇರದು. ಬಿಲ್ಲಿನಲ್ಲಿ ಎರಡನ್ನೂ ಪ್ರತ್ಯೇಕವಾಗಿ ನಮೂದಿಸುವುದು ಉತ್ತಮ.

4. ಮುಂಗಡ ನೀಡುವ ಮೊದಲೇ ಇ-ಖಾತಾ, ಋಣಭಾರ ಪ್ರಮಾಣಪತ್ರ ಹಾಗೂ ಅನುಮೋದಿತ ನಕ್ಷೆಯನ್ನು ಪರಿಶೀಲಿಸಬೇಕು. ನಕ್ಷೆ ಮೀರಿ ಕಟ್ಟಿದ ಭಾಗಕ್ಕೆ ಎಷ್ಟೇ ವೆಚ್ಚ ಮಾಡಿದರೂ ಮಾರಾಟದ ವೇಳೆ ಅದು ತೊಡಕಾಗುತ್ತದೆ.

ಹಳೆಯ ಮನೆಯ ಲಾಭ ಬಹುಮಟ್ಟಿಗೆ ಖರೀದಿಯ ದಿನವೇ ನಿರ್ಧಾರವಾಗುತ್ತದೆ. ತೆರಿಗೆ ಹಾಗೂ ಶುಲ್ಕಗಳನ್ನು ಸೇರಿಸಿ ಲೆಕ್ಕ ಹಾಕಿದ ನಂತರವೂ ಲಾಭ ಉಳಿಯುವ ಬೆಲೆಗೆ ಮಾತ್ರ ಮನೆಯನ್ನು ಕೊಳ್ಳುವುದು ವಿವೇಕ.