ಬೆರಳು ಬಾಗಿದ ಮಾತ್ರಕ್ಕೆ ರೋಗ ಅಂಟೀತೆ?

ಕೆಲವು ವರ್ಷಗಳ ಹಿಂದೆ ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಅಂಗೈ ಸುಟ್ಟುಕೊಂಡು ನನ್ನ ಬಳಿ ಬಂದಿದ್ದರು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ್ದರಂತೆ. "ಬಿಸಿನೇ ಗೊತ್ತಾಗ್ಲಿಲ್ಲ ಡಾಕ್ಟ್ರೇ" ಎಂದರು. ಮೊಣಕೈ ಬಳಿ ಮೂರು ವರ್ಷದ ಹಳೆಯ ಮಚ್ಚೆ. ಕಿರುಬೆರಳು, ಉಂಗುರಬೆರಳು ಆಗಲೇ ಬಾಗಿದ್ದವು. ಇಷ್ಟು ದಿನ ಏಕೆ ತೋರಿಸಲಿಲ್ಲ ಎಂದು ಕೇಳಿದೆ. "ಮಗಳ ಮದುವೆ ಆಗ್ಬಿಡ್ಲಿ ಅಂತ ಸುಮ್ನಿದ್ದೆ."

ಕುಷ್ಠರೋಗಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಎಂಬುದನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದರು. ಆವರೆಗೆ ಯೂರೋಪಿನ ವೈದ್ಯರೂ ಇದನ್ನು ವಂಶಪಾರಂಪರ್ಯದ ಕಾಯಿಲೆ ಎಂದೇ ನಂಬಿದ್ದರು. ನಮ್ಮಲ್ಲಿ ಪೂರ್ವಜನ್ಮದ ಪಾಪದ ಮಾತು ಇನ್ನೂ ಇದೆ. ರೋಗಾಣು ಮೈ ಸೇರಿದ ಮೇಲೆ ಲಕ್ಷಣ ಕಾಣಲು ಸರಾಸರಿ 5 ವರ್ಷ, ಕೆಲವರಲ್ಲಿ 20 ವರ್ಷವೂ ಹಿಡಿಯುತ್ತದೆ. ಎಲ್ಲಿಂದ ಬಂತೆಂದು ತಿಳಿಯದಾಗ ಹಣೆಬರಹವನ್ನು ದೂರುವುದು ಸುಲಭ.

ಚಿಕಿತ್ಸೆ ಪಡೆಯದ ರೋಗಿಯೊಡನೆ ದೀರ್ಘಕಾಲ ನಿಕಟವಾಗಿದ್ದರೆ ಮಾತ್ರ ಇದು ಹರಡಬಹುದು. ನೂರರಲ್ಲಿ ಸುಮಾರು 95 ಮಂದಿಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಔಷಧ ಶುರುವಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಇತರರಿಗೆ ಹರಡುವುದು ನಿಲ್ಲುತ್ತದೆ. ಹೀಗಿರುವಾಗ ಬೇರೆ ಲೋಟ, ಬೇರೆ ಚಾಪೆ ಯಾರನ್ನು ಕಾಪಾಡುತ್ತವೆ?

ಮಾತ್ರೆಗಳನ್ನು ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ರೋಗದ ಪ್ರಮಾಣ ನೋಡಿ 6 ಅಥವಾ 12 ತಿಂಗಳು ಸೇವಿಸಿದರೆ ಗುಣ. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಗಾಗುತ್ತದೆ. ಕ್ಲೋಫಾಜಿಮಿನ್‌ನಿಂದ ಚರ್ಮ ಕಪ್ಪಾಗಿ, ಔಷಧ ನಿಲ್ಲಿಸಿದ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಡಬೇಕು. ಮುಖ ಕಪ್ಪಾದದ್ದನ್ನು ಕಂಡು ರೋಗ ಹೆಚ್ಚಾಯಿತೆಂದು ಮಾತ್ರೆ ಬಿಡಿಸಿದ ಮನೆಗಳನ್ನು ನೋಡಿದ್ದೇನೆ.

ನಿಜವಾದ ತೊಡಕು ಗುಣವಾದ ನಂತರದ್ದು. ರೋಗಾಣು ಸತ್ತರೂ ಹಾಳಾದ ನರ ಮರಳುವುದಿಲ್ಲ. ಬಾಗಿದ ಬೆರಳು ಹಾಗೇ ಉಳಿಯುತ್ತದೆ. ಜೋಮು ಹಿಡಿದ ಪಾದಕ್ಕೆ ಕಲ್ಲು ಮುಳ್ಳು ಚುಚ್ಚಿದ್ದು ತಿಳಿಯದೆ ಹುಣ್ಣಾಗುತ್ತದೆ. ನೆರೆಯವರ ಕಣ್ಣಿಗೆ ಆತ ಜೀವನಪೂರ್ತಿ 'ಕುಷ್ಠರೋಗಿ'. ಪೋಲಿಯೋದಿಂದ ಕಾಲು ಸೊರಗಿದವರ ಪಕ್ಕ ಕೂರಲು ನಾವು ಅಂಜುವುದಿಲ್ಲವಲ್ಲ! ಅದು ಹಳೆಯ ರೋಗದ ಗುರುತು ಎಂದು ನಮಗೆ ಗೊತ್ತು. ಇದೂ ಹಾಗೆಯೇ.

ಇನ್ನು ತೊನ್ನಿಗೂ ಕುಷ್ಠಕ್ಕೂ ಸಂಬಂಧವೇ ಇಲ್ಲ. ತೊನ್ನಿನ ಬಿಳಿ ಚರ್ಮದಲ್ಲಿ ಸ್ಪರ್ಶ ಸರಿಯಾಗಿರುತ್ತದೆ, ಅದು ಅಂಟುವುದೂ ಇಲ್ಲ. ಕುಷ್ಠದ ಮಚ್ಚೆ ಸಾಮಾನ್ಯವಾಗಿ ಮಾಸಲು ಅಥವಾ ಕೆಂಪು ಬಣ್ಣದ್ದು. ಮುಟ್ಟಿದರೆ ತಿಳಿಯದಂತಿದ್ದರೆ ತಡಮಾಡದೆ ತೋರಿಸಿ. ನರದ ತೊಂದರೆ ಆರು ತಿಂಗಳೊಳಗಿನದಾದರೆ ಔಷಧದಿಂದ ಬಲ ಮರಳುವ ಸಾಧ್ಯತೆ ಚೆನ್ನಾಗಿರುತ್ತದೆ.

ಕಾನೂನು ಸ್ವಲ್ಪ ಮುಂದೆ ಬಂದಿದೆ. ರೋಗಿಗಳನ್ನು ದೂರವಿಡುತ್ತಿದ್ದ 1898ರ ಕಾಯ್ದೆ 2016ರಲ್ಲಿ ರದ್ದಾಯಿತು. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಅಂಶವನ್ನು 2019ರಲ್ಲಿ ವಿವಾಹ ಕಾನೂನುಗಳಿಂದ ತೆಗೆಯಲಾಯಿತು.

ಆ ಮಹಿಳೆ ಒಂದು ವರ್ಷ ತಪ್ಪದೆ ಮಾತ್ರೆ ನುಂಗಿ ಗುಣವಾದರು. ಮನೆಯವರನ್ನೆಲ್ಲ ಪರೀಕ್ಷಿಸಿದೆವು, ಯಾರಿಗೂ ಇರಲಿಲ್ಲ. ಬೆರಳು ನೇರವಾಗಲು ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಈಗ ಪಾತ್ರೆಯನ್ನು ದಪ್ಪ ಬಟ್ಟೆಯಲ್ಲಿ ಹಿಡಿದೇ ಇಳಿಸುತ್ತಾರೆ. ಬೀಗರಿಗೆ ಮಾತ್ರ ವಿಷಯ ಇನ್ನೂ ಹೇಳಿಲ್ಲವಂತೆ.